ಕೊಲೆಸ್ಟ್ರಾಲ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೇ?

ತಿಂಡಿ ತಿಂದು ಕೊಲೆಸ್ಟ್ರಾಲ್ ಪರೀಕ್ಷೆಗೆ ಹೋದವರನ್ನು ‘ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ವಾಪಸ್ ಕಳಿಸುವ ರೂಢಿ ಹಲವು ಲ್ಯಾಬ್‌ಗಳಲ್ಲಿ ಇನ್ನೂ ಇದೆ. ಹೃದಯಕ್ಕೆ ಎಷ್ಟು ಅಪಾಯವಿದೆ ಎಂದು ತಿಳಿಯಲು ಮೊದಲ ಬಾರಿಗೆ ಬಂದವರ ಮಟ್ಟಿಗೆ ಈ ರೂಢಿ ಅನಗತ್ಯ. ಹಾಗೆಂದು ಉಪವಾಸ ಯಾರಿಗೂ ಬೇಡ ಎಂದೂ ಅಲ್ಲ. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ. ರಿಪೋರ್ಟಿನಲ್ಲಿರುವ ಅಂಕಿಗಳ ಪೈಕಿ ಊಟದಿಂದ ಎದ್ದು ಕಾಣುವಷ್ಟು ಏರಿಳಿಯುವುದು ಒಂದೇ: ರಕ್ತದಲ್ಲಿ ಸಾಗುವ ಕೊಬ್ಬಾದ ಟ್ರೈಗ್ಲಿಸರೈಡ್. ಉಳಿದ ಗೊಂದಲದ ಬಹುಪಾಲು ಆ ಒಂದರ ಬೆನ್ನಿಗೆ ಬಂದದ್ದು.

ಅಳೆದದ್ದು ಮೂರು, ಉಳಿದದ್ದು ಲೆಕ್ಕ

ಕೊಲೆಸ್ಟ್ರಾಲ್ ಪರೀಕ್ಷೆಯ, ಅಂದರೆ ಲಿಪಿಡ್ (ಕೊಬ್ಬು) ಪ್ರೊಫೈಲ್‌ನ ರಿಪೋರ್ಟಿನಲ್ಲಿ ಏಳೆಂಟು ಸಾಲುಗಳಿರುತ್ತವೆ. ಸಾಮಾನ್ಯವಾಗಿ ಯಂತ್ರ ನೇರವಾಗಿ ಅಳೆಯುವುದು ಮೂರನ್ನು ಮಾತ್ರ: ಒಟ್ಟು ಕೊಲೆಸ್ಟ್ರಾಲ್, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್. ವಿಎಲ್‌ಡಿಎಲ್, ನಾನ್-ಎಚ್‌ಡಿಎಲ್, ಅನುಪಾತಗಳು ಎಲ್ಲವೂ ಈ ಮೂರರಿಂದ ಮಾಡಿದ ಕೂಡಿಸು-ಕಳೆ. ಎಲ್ಲಕ್ಕಿಂತ ಹೆಚ್ಚಾಗಿ ವೈದ್ಯರು ಕಣ್ಣಿಡುವ ‘ಕೆಟ್ಟ’ ಕೊಲೆಸ್ಟ್ರಾಲ್, ಎಲ್‌ಡಿಎಲ್ ಕೂಡ ಅನೇಕ ಲ್ಯಾಬ್‌ಗಳಲ್ಲಿ ಲೆಕ್ಕ ಹಾಕಿದ ಅಂಕಿಯೇ.

ಆ ಲೆಕ್ಕದ ಸೂತ್ರ 1972ರದ್ದು. ಎಲ್‌ಡಿಎಲ್ ಅನ್ನು ಬೇರ್ಪಡಿಸಿ ಅಳೆಯಲು ಆಗ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಅತಿವೇಗದ ಯಂತ್ರ ಬೇಕಿತ್ತು. ದುಬಾರಿ, ನಿಧಾನ, ಎಲ್ಲ ಲ್ಯಾಬ್‌ಗಳಿಗೂ ಎಟುಕದ್ದು. ವಿಲಿಯಂ ಫ್ರೀಡ್‌ವಾಲ್ಡ್, ರಾಬರ್ಟ್ ಲೆವಿ ಮತ್ತು ಡೊನಾಲ್ಡ್ ಫ್ರೆಡ್ರಿಕ್ಸನ್ 448 ಜನರ ರಕ್ತ ಪರೀಕ್ಷಿಸಿ ಒಂದು ಅಡ್ಡದಾರಿ ಕಂಡುಕೊಂಡರು. ರಾತ್ರಿಯಿಡೀ ಉಪವಾಸವಿದ್ದವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಾಗಿ ಯಕೃತ್ತು ತಯಾರಿಸುವ ವಿಎಲ್‌ಡಿಎಲ್ ಎಂಬ ಕೊಬ್ಬು ಸಾಗಿಸುವ ಕಣಗಳೊಳಗೇ ಇರುತ್ತದೆ, ಆ ಕಣಗಳಲ್ಲಿ ಐದು ಭಾಗ ಟ್ರೈಗ್ಲಿಸರೈಡ್‌ಗೆ ಸುಮಾರು ಒಂದು ಭಾಗ ಕೊಲೆಸ್ಟ್ರಾಲ್ ಇರುತ್ತದೆ. ಆದ್ದರಿಂದ ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ ವಿಎಲ್‌ಡಿಎಲ್ ಕೊಲೆಸ್ಟ್ರಾಲ್ ಸಿಕ್ಕಿತು. ಒಟ್ಟು ಕೊಲೆಸ್ಟ್ರಾಲ್‌ನಿಂದ ಅದನ್ನೂ ಎಚ್‌ಡಿಎಲ್ ಅನ್ನೂ ಕಳೆದರೆ ಉಳಿದದ್ದೇ ಎಲ್‌ಡಿಎಲ್.

ಈ ಸೂತ್ರದೊಳಗೇ ಉಪವಾಸದ ಷರತ್ತು ಅಡಗಿದೆ ಎಂಬುದನ್ನು ಗಮನಿಸಿ. ಟ್ರೈಗ್ಲಿಸರೈಡ್ ಬೇರೆ ಬಗೆಯ ಕಣಗಳಲ್ಲಿದ್ದರೆ 5 ಎಂಬ ಭಾಜಕ ತಪ್ಪುತ್ತದೆ. 400 ಮಿ.ಗ್ರಾಂ. ದಾಟಿದರಂತೂ ಸೂತ್ರವನ್ನೇ ಬಳಸಬಾರದೆಂದು ಅದನ್ನು ಕೊಟ್ಟವರೇ ಹೇಳಿದ್ದರು. (ಇಲ್ಲಿ ಮಿ.ಗ್ರಾಂ. ಎಂದಲ್ಲೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂದು ಅರ್ಥ. ನಿಮ್ಮ ರಿಪೋರ್ಟ್ ಮಿಲಿಮೋಲ್ ಲೆಕ್ಕದಲ್ಲಿದ್ದರೆ ಕೊಲೆಸ್ಟ್ರಾಲ್ ಅಂಕಿಗಳನ್ನು 38.7ರಿಂದಲೂ ಟ್ರೈಗ್ಲಿಸರೈಡನ್ನು 88.6ರಿಂದಲೂ ಗುಣಿಸಿಕೊಳ್ಳಿ.)

ಊಟದ ನಂತರ ರಕ್ತದಲ್ಲಿ ಆಗುವುದೇನು

ಕೊಬ್ಬು ನೀರಿನಲ್ಲಿ ಕರಗದು. ಹಾಗಾಗಿ ಕರುಳಿನ ಗೋಡೆಯ ಜೀವಕೋಶಗಳು ಊಟದಿಂದ ಬಂದ ಕೊಬ್ಬನ್ನು ಕೈಲೊಮೈಕ್ರಾನ್ ಎಂಬ ದೊಡ್ಡ ಕಣಗಳಲ್ಲಿ ತುಂಬಿ, ದುಗ್ಧನಾಳಗಳ ಮೂಲಕ ರಕ್ತಕ್ಕೆ ಬಿಡುತ್ತವೆ. ಈ ಕಣಗಳ ತುಂಬ ಟ್ರೈಗ್ಲಿಸರೈಡ್, ಕೊಲೆಸ್ಟ್ರಾಲ್ ಕೇವಲ ಚೂರು. ಸ್ನಾಯು ಮತ್ತು ಕೊಬ್ಬಿನ ಅಂಗಾಂಶದ ರಕ್ತನಾಳಗಳಲ್ಲಿ ಲೈಪೊಪ್ರೊಟೀನ್ ಲೈಪೇಸ್ ಎಂಬ ಕಿಣ್ವ ಕಾದು ಕುಳಿತಿರುತ್ತದೆ. ಅದು ಕಣದೊಳಗಿನ ಟ್ರೈಗ್ಲಿಸರೈಡನ್ನು ನಿಮಿಷಗಳ ಲೆಕ್ಕದಲ್ಲಿ ಒಡೆದು ಖಾಲಿ ಮಾಡುತ್ತದೆ. ಉಳಿದ ಶೇಷಕಣವನ್ನು ಯಕೃತ್ತು ಎಳೆದುಕೊಳ್ಳುತ್ತದೆ. ಕರುಳಿನಿಂದ ಹೊಸ ಕಣಗಳು ಬರುತ್ತಲೇ ಇರುವುದರಿಂದ ರಕ್ತದ ಟ್ರೈಗ್ಲಿಸರೈಡ್ ಊಟವಾದ ಮೂರು-ನಾಲ್ಕು ತಾಸಿಗೆ ಶಿಖರಕ್ಕೇರಿ, ಆಮೇಲೆ ಇಳಿಯುತ್ತ ಬರುತ್ತದೆ. ಆರೋಗ್ಯವಂತರಲ್ಲಿ ಎಂಟು-ಹತ್ತು ತಾಸಿನೊಳಗೆ ಅದು ತನ್ನ ತಳಮಟ್ಟಕ್ಕೆ ಬಂದಿರುತ್ತದೆ.

ಎಲ್‌ಡಿಎಲ್‌ನ ಕಥೆಯೇ ಬೇರೆ. ಒಂದು ಎಲ್‌ಡಿಎಲ್ ಕಣ ರಕ್ತದಲ್ಲಿ ಸರಾಸರಿ ಎರಡು-ಮೂರು ದಿನ ಸುತ್ತುತ್ತದೆ. ದೇಹದ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ದೇಹವೇ ತಯಾರಿಸಿಕೊಂಡದ್ದು. ಬೆಳಿಗ್ಗೆ ಏನು ತಿಂದಿರಿ ಎಂಬುದು ಹತ್ತು ಗಂಟೆಯ ಎಲ್‌ಡಿಎಲ್ ಅನ್ನು ಏರಿಸಲು ಅವಕಾಶವೇ ಇಲ್ಲ. ತಿಂಗಳುಗಟ್ಟಲೆ ಏನು ತಿನ್ನುತ್ತೀರಿ, ಯಾವ ಜೀನ್‌ಗಳನ್ನು ಹೊತ್ತು ಬಂದಿದ್ದೀರಿ, ಥೈರಾಯ್ಡ್ ಹೇಗಿದೆ ಎಂಬುವು ಅದನ್ನು ನಿರ್ಧರಿಸುತ್ತವೆ. ಬೆಳಗಿನ ಊಟದಿಂದ ಕೊಲೆಸ್ಟ್ರಾಲ್ ‘ಏರಿಬಿಡುತ್ತದೆ’ ಎಂಬ ನಂಬಿಕೆಗೆ ಆಧಾರವಿಲ್ಲ. ಅಳತೆ ಮಾಡಿ ನೋಡಿದಾಗ ಅದು ಏರುವ ಬದಲು ತುಸು ಇಳಿದಂತೆಯೇ ಕಾಣುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ಜನಸಂಖ್ಯಾ ಅಧ್ಯಯನದಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತವನ್ನು, ಕೊನೆಯ ಊಟ ಎಷ್ಟು ಹೊತ್ತಿಗೆ ಆಗಿತ್ತು ಎಂಬ ಮಾಹಿತಿಯೊಂದಿಗೆ ಪರಿಶೀಲಿಸಿದ್ದಾರೆ. ಜನ ದಿನನಿತ್ಯ ಮಾಡುವ ಊಟದ ನಂತರದ ಒಂದರಿಂದ ಆರು ತಾಸಿನಲ್ಲಿ ಕಂಡ ಗರಿಷ್ಠ ಸರಾಸರಿ ವ್ಯತ್ಯಾಸ ಹೀಗಿದೆ: ಟ್ರೈಗ್ಲಿಸರೈಡ್ 26 ಮಿ.ಗ್ರಾಂ. ಹೆಚ್ಚು, ಒಟ್ಟು ಕೊಲೆಸ್ಟ್ರಾಲ್ 8 ಕಡಿಮೆ, ಎಲ್‌ಡಿಎಲ್ 8 ಕಡಿಮೆ, ನಾನ್-ಎಚ್‌ಡಿಎಲ್ 8 ಕಡಿಮೆ. ಎಚ್‌ಡಿಎಲ್, ಅಪೊಲೈಪೊಪ್ರೊಟೀನ್-ಬಿ (ಹಾನಿಕಾರಕ ಕಣಗಳಲ್ಲಿರುವ ಪ್ರೋಟೀನ್) ಮತ್ತು ಲೈಪೊಪ್ರೊಟೀನ್-ಎ (ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕಣ) ಇದ್ದಲ್ಲೇ ಇದ್ದವು. ಕೆನಡಾದ ಕ್ಯಾಲ್ಗರಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಜನರ ಲ್ಯಾಬ್ ದಾಖಲೆಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದೇ ಮಾತನ್ನು ಹೇಳಿತು: ಉಪವಾಸದ ತಾಸುಗಳು ಎಷ್ಟೇ ಬದಲಾದರೂ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್‌ನ ಸರಾಸರಿ ಶೇ. 2ಕ್ಕಿಂತ ಕಡಿಮೆ, ಲೆಕ್ಕದ ಎಲ್‌ಡಿಎಲ್ ಶೇ. 10ರೊಳಗೆ, ಟ್ರೈಗ್ಲಿಸರೈಡ್ ಶೇ. 20ರೊಳಗೆ ಬದಲಾಯಿತು.

ಕೊಲೆಸ್ಟ್ರಾಲ್ ತುಸು ಇಳಿಯುವುದಕ್ಕೆ ಒಂದು ಕಾರಣ ತೀರಾ ಸಾದಾ. ಊಟದ ಜೊತೆ ನೀರು, ಪಾನೀಯ ಕುಡಿಯುತ್ತೇವೆ, ರಕ್ತ ಸ್ವಲ್ಪ ತೆಳುವಾಗುತ್ತದೆ. ಎರಡನೆಯದು ಸೂತ್ರದ ಕೈಚಳಕ. ಅದನ್ನು ಅಂಕಿಗಳಲ್ಲೇ ನೋಡೋಣ.

ಒಬ್ಬರದೇ ರಕ್ತ, ಎರಡು ರಿಪೋರ್ಟ್

ಒಬ್ಬ ವ್ಯಕ್ತಿಯ ಉಪವಾಸದ ರಿಪೋರ್ಟ್ ಹೀಗಿದೆ ಎಂದುಕೊಳ್ಳಿ: ಒಟ್ಟು ಕೊಲೆಸ್ಟ್ರಾಲ್ 200, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 140. ವಿಎಲ್‌ಡಿಎಲ್ ಅಂದರೆ 140 ಭಾಗಿಸು 5, ಅಂದರೆ 28. ಎಲ್‌ಡಿಎಲ್ 200ರಲ್ಲಿ 45 ಮತ್ತು 28 ಕಳೆದು 127.

ಅದೇ ವ್ಯಕ್ತಿ ಊಟವಾದ ನಾಲ್ಕು ತಾಸಿಗೆ ರಕ್ತ ಕೊಟ್ಟಾಗ ಒಟ್ಟು 197, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 190 ಬಂತು. ವಿಎಲ್‌ಡಿಎಲ್ ಈಗ 38. ಎಲ್‌ಡಿಎಲ್ 114. ಹದಿಮೂರು ಅಂಕ ಇಳಿಯಿತು! ಆದರೆ ಒಟ್ಟು ಕೊಲೆಸ್ಟ್ರಾಲ್ ಇಳಿದದ್ದು ಮೂರೇ. ಉಳಿದ ಹತ್ತು, ಸೂತ್ರ ಹೆಚ್ಚುವರಿಯಾಗಿ ಕಳೆದದ್ದು. ಹೊಸದಾಗಿ ಬಂದ 50 ಮಿ.ಗ್ರಾಂ. ಟ್ರೈಗ್ಲಿಸರೈಡ್‌ನ ಒಂದಷ್ಟು ಪಾಲು ಕೈಲೊಮೈಕ್ರಾನ್‌ಗಳಲ್ಲಿತ್ತು. ಅವುಗಳಲ್ಲಿ ಐದಕ್ಕೊಂದು ಪಾಲು ಕೊಲೆಸ್ಟ್ರಾಲ್ ಇರುವುದೇ ಇಲ್ಲ. ಸೂತ್ರಕ್ಕೆ ಅದು ಗೊತ್ತಿಲ್ಲ.

ಈಗ ನಾನ್-ಎಚ್‌ಡಿಎಲ್ ನೋಡಿ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಆಯಿತು. ಉಪವಾಸದಲ್ಲಿ 155, ಊಟದ ನಂತರ 152. ಟ್ರೈಗ್ಲಿಸರೈಡ್ ಆ ಲೆಕ್ಕದೊಳಗೆ ಬರುವುದೇ ಇಲ್ಲವಾದ್ದರಿಂದ ಅದು ಹೆಚ್ಚು ಕದಲುವುದಿಲ್ಲ. ರಕ್ತನಾಳದ ಗೋಡೆಗೆ ಹಾನಿ ಮಾಡಬಲ್ಲ ಎಲ್‌ಡಿಎಲ್, ವಿಎಲ್‌ಡಿಎಲ್, ಶೇಷಕಣ ಎಲ್ಲದರ ಕೊಲೆಸ್ಟ್ರಾಲ್ ಅದರಲ್ಲಿ ಸೇರಿದೆ. ಊಟ ಮಾಡಿ ಪರೀಕ್ಷೆ ಮಾಡಿಸಿದವರು ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ ಸಾಲು ಇದೇ. ಮುದ್ರಿಸದೇ ಇದ್ದರೆ ಕೈಯಲ್ಲೇ ಕಳೆದುಕೊಳ್ಳಬಹುದು. ಗುರಿಯ ಮಟ್ಟ ನೆನಪಿಡುವುದೂ ಸುಲಭ, ವೈದ್ಯರು ಹೇಳಿದ ಎಲ್‌ಡಿಎಲ್ ಗುರಿಗೆ 30 ಸೇರಿಸಿದರೆ ನಾನ್-ಎಚ್‌ಡಿಎಲ್ ಗುರಿ ಸಿಗುತ್ತದೆ.

127 ಮತ್ತು 114ರ ನಡುವಿನ ವ್ಯತ್ಯಾಸದಿಂದ ಸಾಮಾನ್ಯವಾಗಿ ಚಿಕಿತ್ಸೆಯ ತೀರ್ಮಾನ ಬದಲಾಗುವುದಿಲ್ಲ. ತೊಂದರೆ ಆಗುವುದು ಎಲ್‌ಡಿಎಲ್ ತೀರಾ ಕೆಳಗಿದ್ದು ಟ್ರೈಗ್ಲಿಸರೈಡ್ ಮೇಲಿದ್ದಾಗ. ಹೃದಯಾಘಾತವಾಗಿ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬರ ಒಟ್ಟು ಕೊಲೆಸ್ಟ್ರಾಲ್ 130, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಎನ್ನಿ. ಹಳೆಯ ಸೂತ್ರದ ಪ್ರಕಾರ ಎಲ್‌ಡಿಎಲ್ 50. ಇಂಥವರಿಗೆ ಯುರೋಪಿನ ಮಾರ್ಗಸೂಚಿ ಇಟ್ಟ ಗುರಿ 55ಕ್ಕಿಂತ ಕಡಿಮೆ. ಗುರಿ ಮುಟ್ಟಿದಂತಾಯಿತು. ಆದರೆ ಅವರ ರಕ್ತಕ್ಕೆ ಸರಿಹೊಂದುವ ಭಾಜಕ 5ರ ಬದಲು 6.5 ಆಗಿದ್ದರೆ? 200 ಭಾಗಿಸು 6.5, ಸುಮಾರು 31. ಎಲ್‌ಡಿಎಲ್ 59. ಗುರಿ ಮುಟ್ಟಿಲ್ಲ, ಔಷಧ ಹೆಚ್ಚಿಸಬೇಕೇ ಎಂದು ಯೋಚಿಸಬೇಕು.

ಈ ದೋಷ ಸರಿಪಡಿಸಲೆಂದೇ ಹೊಸ ಸೂತ್ರಗಳು ಬಂದಿವೆ. ಸೇತ್ ಮಾರ್ಟಿನ್ ಮತ್ತು ಜಾನ್ಸ್ ಹಾಪ್ಕಿನ್ಸ್ ತಂಡ 2013ರಲ್ಲಿ 13 ಲಕ್ಷಕ್ಕೂ ಹೆಚ್ಚು ರಕ್ತಮಾದರಿಗಳ ದತ್ತಾಂಶ ಇಟ್ಟುಕೊಂಡು, ಒಂದೇ ಭಾಜಕದ ಬದಲು ಪ್ರತಿಯೊಬ್ಬರ ಟ್ರೈಗ್ಲಿಸರೈಡ್ ಮತ್ತು ನಾನ್-ಎಚ್‌ಡಿಎಲ್‌ಗೆ ತಕ್ಕ ಭಾಜಕವನ್ನು ಕೋಷ್ಟಕದಿಂದ ಆರಿಸುವ ವಿಧಾನ ಕೊಟ್ಟಿತು. ಆ ಭಾಜಕ 3.1ರಿಂದ 11.9ರವರೆಗೆ ಬದಲಾಗುತ್ತದೆ. ಎಲ್ಲರಿಗೂ 5 ಎಂದುಕೊಂಡದ್ದು ಎಷ್ಟು ಒರಟು ಅಂದಾಜು ಎಂಬುದು ಇದರಿಂದ ತಿಳಿಯುತ್ತದೆ. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸ್ಯಾಂಪ್ಸನ್ ಮತ್ತು ಸಹೋದ್ಯೋಗಿಗಳ ಸೂತ್ರ ಬಂತು. ಅದನ್ನು ಟ್ರೈಗ್ಲಿಸರೈಡ್ 800ರವರೆಗೂ ಬಳಸಬಹುದು. ಕೆಲವು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ರಾಸಾಯನಿಕವಾಗಿ ನೇರ ಅಳೆಯುತ್ತವೆ, ರಿಪೋರ್ಟಿನಲ್ಲಿ ‘ಡೈರೆಕ್ಟ್ ಎಲ್‌ಡಿಎಲ್’ ಎಂದಿರುತ್ತದೆ. ಯಾವ ವಿಧಾನ ಬಳಸಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ. ಹೋದ ಸಲ ಒಂದು ವಿಧಾನ, ಈ ಸಲ ಇನ್ನೊಂದು ಆಗಿದ್ದರೆ, ಕಂಡ ಏರಿಳಿತ ದೇಹದ್ದೋ ಲೆಕ್ಕದ್ದೋ ಹೇಳಲಾಗದು.

ಉಪವಾಸ ಬಿಟ್ಟದ್ದು ಯಾರು, ಯಾವಾಗ

ಡೆನ್ಮಾರ್ಕಿನ ಲ್ಯಾಬ್‌ಗಳು 2009ರಿಂದಲೇ ಉಪವಾಸವಿಲ್ಲದ ಲಿಪಿಡ್ ಪರೀಕ್ಷೆಯನ್ನು ಮಾಮೂಲಿ ಮಾಡಿಕೊಂಡಿವೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಉಪವಾಸ ಬೇಕಿಲ್ಲ ಎಂದಿತು. ಯುರೋಪಿಯನ್ ಅಥೆರೊಸ್ಕ್ಲೆರೋಸಿಸ್ ಸೊಸೈಟಿ ಮತ್ತು ಲ್ಯಾಬ್ ವೈದ್ಯರ ಯುರೋಪಿಯನ್ ಒಕ್ಕೂಟ 2016ರಲ್ಲಿ ಒಟ್ಟಾಗಿ ಅದನ್ನೇ ಹೇಳಿದವು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿಯ 2018ರ ಮಾರ್ಗಸೂಚಿ, ಲಿಪಿಡ್ ಔಷಧ ತೆಗೆದುಕೊಳ್ಳದ 20 ವರ್ಷ ದಾಟಿದವರ ಅಪಾಯ ಅಂದಾಜಿಸಲು ಊಟದ ನಂತರದ ರಕ್ತವೂ ಆಗುತ್ತದೆ, ಉಪವಾಸದ್ದೂ ಆಗುತ್ತದೆ ಎನ್ನುತ್ತದೆ.

ಇದು ಕೇವಲ ಅನುಕೂಲದ ಮಾತಲ್ಲ. ದಿನದ ಹೆಚ್ಚಿನ ಹೊತ್ತು ನಾವು ಇರುವುದೇ ಊಟದ ನಂತರದ ಸ್ಥಿತಿಯಲ್ಲಿ. ಒಂದು ಊಟದ ಕೊಬ್ಬು ಇಳಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಬೆಳಗಿನ ಜಾವದ ಕೆಲವು ತಾಸುಗಳನ್ನು ಬಿಟ್ಟರೆ ರಕ್ತನಾಳಗಳ ಗೋಡೆಗೆ ದಿನವಿಡೀ ತಾಗುವುದು ಶೇಷಕಣಗಳಿಂದ ಕೂಡಿದ ಈ ರಕ್ತವೇ. ಅಮೆರಿಕದ ಮಹಿಳೆಯರ ಆರೋಗ್ಯ ಅಧ್ಯಯನದ ದತ್ತಾಂಶದಿಂದ 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಊಟವಾಗಿ 2ರಿಂದ 4 ತಾಸಿನೊಳಗೆ ಅಳೆದ ಟ್ರೈಗ್ಲಿಸರೈಡ್‌ಗೇ ಮುಂದಿನ ಹೃದಯ-ರಕ್ತನಾಳ ಘಟನೆಗಳೊಂದಿಗೆ ಹೆಚ್ಚು ಗಟ್ಟಿ ನಂಟು ಕಂಡಿತ್ತು. 2019ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ 8,270 ಜನರದ್ದು. ನಾಲ್ಕು ವಾರಗಳ ಅಂತರದಲ್ಲಿ ಅದೇ ವ್ಯಕ್ತಿಯ ರಕ್ತವನ್ನು ಉಪವಾಸದಲ್ಲೂ ಊಟದ ನಂತರವೂ ಪರೀಕ್ಷಿಸಿ ನೋಡಿದಾಗ ಅಪಾಯ ಊಹಿಸುವುದರಲ್ಲಿ ಎರಡೂ ಸಮಸಮ ನಿಂತವು.

ಗಡಿಗಳು ಮಾತ್ರ ತುಸು ಬೇರೆ. ಟ್ರೈಗ್ಲಿಸರೈಡ್ ಉಪವಾಸದಲ್ಲಿ 150 ಮುಟ್ಟಿದರೆ ಹೆಚ್ಚು ಎನ್ನುತ್ತಾರೆ, ಊಟದ ನಂತರವಾದರೆ 175. ಎಲ್‌ಡಿಎಲ್, ಎಚ್‌ಡಿಎಲ್‌ಗೆ ಬೇರೆ ಗಡಿ ಬೇಕಿಲ್ಲ. ಊಟ ಮಾಡಿ ಬಂದವರ ರಿಪೋರ್ಟಿನಲ್ಲೂ ಲ್ಯಾಬಿನ ಸಾಫ್ಟ್‌ವೇರ್ 150ರ ಗಡಿಯನ್ನೇ ಹಿಡಿದು ಕೆಂಪು ಗುರುತು ಹಾಕುವುದುಂಟು. ಊಟದ ನಂತರದ 165 ನೋಡಿ ಗಾಬರಿ ಬೀಳಬೇಕಾಗಿಲ್ಲ.

ಉಪವಾಸ ಬೇಕೇಬೇಕಾದವರು

ಊಟದ ನಂತರದ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 400 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಉಪವಾಸವಿದ್ದು ಮತ್ತೊಮ್ಮೆ ಮಾಡಿಸಬೇಕು. ಇಲ್ಲಿ ಪ್ರಶ್ನೆಯೇ ಬದಲಾಗಿರುತ್ತದೆ. ಹೃದಯದ ಅಪಾಯ ಎಷ್ಟು ಎನ್ನುವ ಬದಲು, ಕೊಬ್ಬನ್ನು ರಕ್ತದಿಂದ ತೆಗೆಯುವ ವ್ಯವಸ್ಥೆಯೇ ಕೆಟ್ಟಿದೆಯೇ ಎಂಬುದು ಪ್ರಶ್ನೆ. ಟ್ರೈಗ್ಲಿಸರೈಡ್ 880 ದಾಟಿದವರಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ಭಯವಿದೆ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ, ಜೀವಕ್ಕೇ ಕುತ್ತು ತರಬಲ್ಲ ನೋವು ಅದು. ಒಮ್ಮೆ ಹೀಗಾಗಿ ಚೇತರಿಸಿಕೊಂಡವರು, ಈಗಾಗಲೇ ಟ್ರೈಗ್ಲಿಸರೈಡ್ ಹೆಚ್ಚೆಂದು ಚಿಕಿತ್ಸೆಯಲ್ಲಿರುವವರು, ಸ್ಟೀರಾಯ್ಡ್, ಈಸ್ಟ್ರೊಜನ್ ಅಥವಾ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್‌ನಂಥ ಔಷಧ ಶುರುಮಾಡುವವರು ಉಪವಾಸದ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಸರಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದು ಆನುವಂಶಿಕ ದೋಷದ ಶಂಕೆ ಇರುವವರಿಗೂ ಮೊದಲ ಪರೀಕ್ಷೆ ಖಾಲಿ ಹೊಟ್ಟೆಯಲ್ಲಾಗುವುದು ಒಳ್ಳೆಯದು.

ಟ್ರೈಗ್ಲಿಸರೈಡ್ ತೀರಾ ಹೆಚ್ಚಿರುವ ರಕ್ತವನ್ನು ಲ್ಯಾಬಿನಲ್ಲಿ ಕಣ್ಣಲ್ಲೇ ಗುರುತಿಸಬಹುದು. ಹೆಪ್ಪುಗಟ್ಟಿಸಿ ತಿರುಗಿಸಿದ ಮೇಲೆ ಟ್ಯೂಬಿನ ಮೇಲ್ಭಾಗದಲ್ಲಿ ನಿಲ್ಲುವ ಸೀರಮ್ ಮಾಮೂಲಿಯಾಗಿ ತಿಳಿ ಹಳದಿ, ಆಚೆಬದಿಯ ಅಕ್ಷರ ಓದಬಹುದು. ಟ್ರೈಗ್ಲಿಸರೈಡ್ ಬಹಳ ಏರಿದ್ದರೆ ಅದು ಹಾಲಿನಂತೆ ಬಿಳಿಚಿಕೊಂಡಿರುತ್ತದೆ. ಈ ಟ್ಯೂಬನ್ನು ಫ್ರಿಡ್ಜಿನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಹಳೆಯ ಕಾಲದ ಒಂದು ಸರಳ ಪರೀಕ್ಷೆಯಾಗುತ್ತದೆ: ಕೈಲೊಮೈಕ್ರಾನ್‌ಗಳು ಹಗುರವಾದ್ದರಿಂದ ಕೆನೆಯಾಗಿ ಮೇಲೆ ತೇಲುತ್ತವೆ, ವಿಎಲ್‌ಡಿಎಲ್ ಆಗಿದ್ದರೆ ಕೆಳಗಿನವರೆಗೂ ಒಂದೇ ಸಮನೆ ಮಸುಕು ಉಳಿಯುತ್ತದೆ. ಹನ್ನೆರಡು ತಾಸು ಉಪವಾಸವಿದ್ದವರ ರಕ್ತದಲ್ಲೂ ಕೆನೆ ನಿಂತರೆ ಕಿಣ್ವದ ಕೆಲಸದಲ್ಲೇ ದೋಷವಿರುವ ಸಂಭವ ಹೆಚ್ಚು. ಹಾಲುಬಣ್ಣದ ಸೀರಮ್ ಬೆಳಕನ್ನು ಚದುರಿಸುವುದರಿಂದ ಅದೇ ಟ್ಯೂಬಿನಲ್ಲಿ ಮಾಡುವ ಇತರ ಪರೀಕ್ಷೆಗಳೂ ದಾರಿ ತಪ್ಪುತ್ತವೆ. ಕೆಲವು ಯಂತ್ರಗಳಲ್ಲಿ ಸೋಡಿಯಂ ಸುಳ್ಳೇ ಕಡಿಮೆ ತೋರುತ್ತದೆ.

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಒಂದೇ ಚೀಟಿಯಲ್ಲಿ ಫಾಸ್ಟಿಂಗ್ ಶುಗರ್ ಕೂಡ ಇದ್ದರೆ ಉಪವಾಸ ಅದಕ್ಕೆ ಬೇಕು, ಕನಿಷ್ಠ 8 ತಾಸು. ಅನೇಕರು ಕೊಲೆಸ್ಟ್ರಾಲ್‌ಗೆಂದು ಹಸಿದಿರುತ್ತಾರೆ, ನಿಜದಲ್ಲಿ ಅದು ಶುಗರ್‌ಗಾಗಿ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ) ಮಾತ್ರ ಬರೆದಿದ್ದರೆ ಅದಕ್ಕೂ ಉಪವಾಸ ಬೇಡ. ಚೀಟಿಯಲ್ಲಿ ಏನೇನಿದೆ ಎಂದು ಒಮ್ಮೆ ಓದಿದರೆ ಒಂದು ಬೆಳಗಿನ ಹಸಿವು ಉಳಿಯಬಹುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಉಪವಾಸ ಬರೀ ಕಿರಿಕಿರಿಯ ವಿಷಯವಲ್ಲ, ಅಪಾಯದ್ದು. ಮಾತ್ರೆ ನುಂಗಿ ತಿಂಡಿ ಬಿಟ್ಟು ಲ್ಯಾಬಿನ ಸಾಲಿನಲ್ಲಿ ನಿಂತರೆ ಸಕ್ಕರೆ ಕುಸಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ವಾಹನ ಓಡಿಸುತ್ತಿದ್ದರೆ ಇನ್ನೂ ಕೆಟ್ಟದು. ಇವರಿಗೆ ಉಪವಾಸ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಬೇಕೆಂದರೆ ಅಂದಿನ ಬೆಳಗಿನ ಔಷಧವನ್ನು ರಕ್ತ ಕೊಟ್ಟು ತಿಂಡಿ ತಿನ್ನುವವರೆಗೆ ಮುಂದೂಡಬೇಕೇ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

ಉಪವಾಸವಿರುವುದಾದರೆ ಸರಿಯಾಗಿ

ಲಿಪಿಡ್‌ಗೆ ಉಪವಾಸ ಎಂದರೆ 9ರಿಂದ 12 ತಾಸು. ರಾತ್ರಿ 9ಕ್ಕೆ ಊಟ ಮುಗಿಸಿದರೆ ಬೆಳಿಗ್ಗೆ 7ರಿಂದ 9ರೊಳಗೆ ರಕ್ತ ಕೊಡುವುದು ಹಿತ. ಇನ್ನಷ್ಟು ಹೊತ್ತು ಇದ್ದರೆ ಇನ್ನಷ್ಟು ನಿಖರ ಎಂದುಕೊಂಡು ರಾತ್ರಿಯ ಊಟವನ್ನೇ ಬಿಟ್ಟು 16-18 ತಾಸು ಹಸಿದಿರುವುದು ತಪ್ಪು. ದೇಹ ತನ್ನ ಕೊಬ್ಬನ್ನೇ ಕರಗಿಸಿ ಉರಿಸಲು ಶುರುಮಾಡಿರುತ್ತದೆ, ಅಂಕಿಗಳು ನಿಮ್ಮ ಮಾಮೂಲಿ ಸ್ಥಿತಿಯದ್ದಾಗಿರುವುದಿಲ್ಲ.

ನೀರು ಬೇಕಾದಷ್ಟು ಕುಡಿಯಿರಿ. ನೀರು ಕುಡಿಯದೆ ಬಂದವರ ರಕ್ತನಾಳ ಸಿಗುವುದೇ ಕಷ್ಟ, ರಕ್ತವೂ ಗಟ್ಟಿಯಾಗಿರುತ್ತದೆ. ಹಾಲು, ಸಕ್ಕರೆ, ಜೇನು, ಹಣ್ಣಿನ ರಸ ಸೇರಿದ ಯಾವುದೂ ಬೇಡ. ಕಪ್ಪು ಕಾಫಿ, ಟೀಯಲ್ಲಿ ಕ್ಯಾಲೊರಿ ಇಲ್ಲದಿದ್ದರೂ ಕೆಫೀನ್ ರಕ್ತದ ಕೊಬ್ಬಿನಾಮ್ಲಗಳನ್ನು ಏರಿಸುತ್ತದೆ, ರಕ್ತ ಕೊಟ್ಟ ಮೇಲೆ ಕುಡಿಯಿರಿ. ಸಿಹಿ ಚೂಯಿಂಗ್ ಗಮ್, ಸಿಗರೇಟು ಕೂಡ ಬೇಡ. ಬಿಪಿ, ಥೈರಾಯ್ಡ್ ಮುಂತಾದ ಮಾತ್ರೆಗಳನ್ನು ಬೇರೆ ಸೂಚನೆ ಇಲ್ಲದಿದ್ದರೆ ನೀರಿನಲ್ಲಿ ತೆಗೆದುಕೊಳ್ಳಬಹುದು. ಪರೀಕ್ಷೆಗೆಂದು ಸ್ಟಾಟಿನ್ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಮಾತ್ರೆ ಎಷ್ಟು ಕೆಲಸ ಮಾಡಿದೆ ಎಂದು ನೋಡಲೆಂದೇ ಆ ಪರೀಕ್ಷೆ.

ಮದ್ಯದ ವಿಷಯದಲ್ಲಿ 12 ತಾಸಿನ ಲೆಕ್ಕ ಸಾಲದು. ಯಕೃತ್ತು ಮದ್ಯವನ್ನು ಸಂಭಾಳಿಸುವಾಗ ಟ್ರೈಗ್ಲಿಸರೈಡ್ ತಯಾರಿಕೆ ಏರುತ್ತದೆ, ಆ ಪ್ರಭಾವ ಮರುದಿನವೂ ಇರುತ್ತದೆ. ಕನಿಷ್ಠ 24 ತಾಸು, ಟ್ರೈಗ್ಲಿಸರೈಡೇ ಮುಖ್ಯ ಪ್ರಶ್ನೆಯಾಗಿದ್ದರೆ ಮೂರು ದಿನ ಬಿಡಿ. ಕೊಬ್ಬು ಜಾಸ್ತಿಯಿರುವ ಭಾರಿ ಭೋಜನದ ಮರುದಿನವೂ ಕೆಲವರಲ್ಲಿ ಅಂಕಿ ಏರಿರುತ್ತದೆ. ಹಿಂದಿನ ದಿನ ಮೈಮುರಿದು ವ್ಯಾಯಾಮ ಮಾಡಿದರೆ ಉಲ್ಟಾ ಆಗುತ್ತದೆ, ಟ್ರೈಗ್ಲಿಸರೈಡ್ ತಾತ್ಕಾಲಿಕವಾಗಿ ಇಳಿದು ಇಲ್ಲದ ನೆಮ್ಮದಿ ಕೊಡುತ್ತದೆ. ಪರೀಕ್ಷೆಗೆ ವಾರ ಮುಂಚೆ ಶುರುವಾಗುವ ಪಥ್ಯವೂ ಅಷ್ಟೇ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ಉಳಿದ ಐವತ್ತೊಂದು ವಾರಗಳ ರಕ್ತ ಹೇಗಿದೆ ಎಂದು ಗೊತ್ತಾಗುವುದಿಲ್ಲ.

ಊಟಕ್ಕಿಂತ ಹೆಚ್ಚು ಕೆಡಿಸುವ ಸಂಗತಿಗಳು

ತಿಂಡಿಯ ಬಗ್ಗೆ ಇಷ್ಟೊಂದು ಕಟ್ಟುನಿಟ್ಟಾಗಿರುವ ಕಡೆಗಳಲ್ಲೂ ಇವುಗಳ ಕಡೆ ಗಮನ ಕೊಡುವುದು ಕಡಿಮೆ.

ನಿಂತಾಗ ರಕ್ತದ ನೀರಿನಂಶ ಕಾಲಿನ ಅಂಗಾಂಶಗಳಿಗೆ ಇಳಿಯುತ್ತದೆ, ದೊಡ್ಡ ಕಣಗಳು ನಾಳದಲ್ಲೇ ಉಳಿದು ಸಾಂದ್ರವಾಗುತ್ತವೆ. ಮಲಗಿದ್ದಾಗ ತೆಗೆದದ್ದಕ್ಕಿಂತ ನಿಂತಿದ್ದು ತೆಗೆದ ರಕ್ತದಲ್ಲಿ ಕೊಲೆಸ್ಟ್ರಾಲ್ ಸುಮಾರು ಶೇ. 10ರಷ್ಟು ಹೆಚ್ಚು ಕಾಣಬಹುದು. ತಿಂಡಿಯಿಂದ ಆಗುವ 8 ಮಿ.ಗ್ರಾಂ. ವ್ಯತ್ಯಾಸಕ್ಕಿಂತ ಇದೇ ದೊಡ್ಡದು! ಹಾಗಾಗಿ ಸಾಲಿನಲ್ಲಿ ನಿಂತವರು ನೇರ ಕೈ ಚಾಚದೆ ಕನಿಷ್ಠ ಐದು ನಿಮಿಷ ಕುಳಿತು ಆಮೇಲೆ ರಕ್ತ ಕೊಡಬೇಕು. ತೋಳಿಗೆ ಕಟ್ಟುವ ಪಟ್ಟಿಯೂ ಹೀಗೆಯೇ ರಕ್ತವನ್ನು ಗಟ್ಟಿಮಾಡುತ್ತದೆ. ಒಂದು ನಿಮಿಷದೊಳಗೆ ಸಡಿಲಿಸಬೇಕು. ನಾಳ ಹುಡುಕುತ್ತ ಐದು ನಿಮಿಷ ಕಟ್ಟಿಟ್ಟರೆ ಕೊಲೆಸ್ಟ್ರಾಲ್ ಶೇ. 10ರಿಂದ 15ರಷ್ಟು ಹೆಚ್ಚು ತೋರಬಹುದು. ನಾಳ ಸಿಗದಿದ್ದರೆ ಪಟ್ಟಿ ಬಿಚ್ಚಿ, ಇನ್ನೊಂದು ತೋಳಿನಲ್ಲಿ ಪ್ರಯತ್ನಿಸುವುದೇ ಸರಿ.

ಜ್ವರ, ಸೋಂಕು, ಶಸ್ತ್ರಚಿಕಿತ್ಸೆ ಇವೆಲ್ಲ ಎಲ್‌ಡಿಎಲ್ ಮತ್ತು ಎಚ್‌ಡಿಎಲ್ ಅನ್ನು ಇಳಿಸಿ ಟ್ರೈಗ್ಲಿಸರೈಡನ್ನು ಏರಿಸುತ್ತವೆ. ಹೃದಯಾಘಾತವಾದ ಮೇಲೆ ಎಲ್‌ಡಿಎಲ್ ಒಂದು ದಿನ ಕಳೆಯುತ್ತಲೇ ಇಳಿಯತೊಡಗಿ ವಾರಗಟ್ಟಲೆ ಕೆಳಗೇ ಉಳಿಯುತ್ತದೆ. ಆದ್ದರಿಂದಲೇ ಆಸ್ಪತ್ರೆಗೆ ಬಂದ ಮೊದಲ 24 ತಾಸಿನೊಳಗೆ ರಕ್ತ ತೆಗೆಯುತ್ತಾರೆ, ಅದೂ ಉಪವಾಸದ ಗೊಡವೆಯಿಲ್ಲದೆ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳ ಹೊತ್ತಿಗೆ ಟ್ರೈಗ್ಲಿಸರೈಡ್ ಎರಡು-ಮೂರು ಪಟ್ಟಾಗುವುದು ಸಹಜ. ಹೆರಿಗೆಯಾಗಿ ಒಂದೂವರೆ ತಿಂಗಳಾದರೂ ಕಳೆಯದೆ ಮಾಡಿಸಿದ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದು.

ಇವೆಲ್ಲ ಸರಿಯಿದ್ದರೂ ದೇಹ ದಿನದಿಂದ ದಿನಕ್ಕೆ ಒಂದೇ ಅಂಕಿ ಕೊಡುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್ ಒಬ್ಬರಲ್ಲೇ ಶೇ. 5-6ರಷ್ಟು, ಟ್ರೈಗ್ಲಿಸರೈಡ್ ಶೇ. 20ರಷ್ಟು ತಾನಾಗಿಯೇ ಆಚೀಚೆ ಆಗುತ್ತಿರುತ್ತದೆ. ಹೋದ ಸಲ 204, ಈ ಸಲ 196 ಎಂದು ಹಿಗ್ಗುವುದಕ್ಕೂ, 212 ಎಂದು ಕುಗ್ಗುವುದಕ್ಕೂ ಅರ್ಥವಿಲ್ಲ. ಔಷಧ ಶುರುಮಾಡುವ ನಿರ್ಧಾರ ಗಡಿಯ ಅಂಚಿನಲ್ಲಿದ್ದರೆ ಕೆಲವು ವಾರ ಬಿಟ್ಟು ಎರಡನೇ ಪರೀಕ್ಷೆ ಮಾಡಿಸುವುದು ಉಪವಾಸಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಲ್ಯಾಬಿನಲ್ಲಿ ಹೇಳಬೇಕಾದದ್ದು

ಕೊನೆಯ ಊಟ ಎಷ್ಟು ಗಂಟೆಗೆ ಆಯಿತು ಎಂಬುದನ್ನು ಚೀಟಿಯ ಮೇಲೆ ಬರೆಸಿ. ‘ಫಾಸ್ಟಿಂಗ್’ ಎಂಬ ಒಂದು ಗುರುತಿಗಿಂತ ‘ಊಟವಾಗಿ 3 ತಾಸು’ ಎಂಬ ಟಿಪ್ಪಣಿ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಟೀ ಕುಡಿದು ‘ಏನೂ ತಿಂದಿಲ್ಲ’ ಎಂದು ಹೇಳಿಬಿಡುವುದು ಸಾಮಾನ್ಯ. ಊಟ ಮಾಡಿ ಬಂದೆ ಎಂದರೆ ಅಂಕಿಗಳನ್ನು ಅದಕ್ಕೆ ತಕ್ಕಂತೆ ಓದುತ್ತಾರೆ, ಉಪವಾಸ ಎಂದು ಸುಳ್ಳು ಹೇಳಿದರೆ ಟ್ರೈಗ್ಲಿಸರೈಡ್ 190 ಇರುವುದಕ್ಕೆ ಇಲ್ಲದ ಕಾಯಿಲೆ ಅಂಟಿಕೊಳ್ಳುತ್ತದೆ, ಶುಗರ್ ಪರೀಕ್ಷೆಯೂ ಇದ್ದರೆ ಅದರದ್ದೂ ಇದೇ ಗತಿ.

ಸ್ಟಾಟಿನ್ ಶುರುಮಾಡಿದ ಅಥವಾ ಪ್ರಮಾಣ ಬದಲಿಸಿದ 4ರಿಂದ 12 ವಾರದಲ್ಲಿ ಪರೀಕ್ಷೆ ಮತ್ತೆ ಮಾಡಿಸುತ್ತಾರೆ. ಆಗ ಮೊದಲ ಸಲ ಹೇಗೆ ಕೊಟ್ಟಿದ್ದಿರೋ ಹಾಗೆಯೇ ಕೊಡಿ: ಉಪವಾಸವಿದ್ದರೆ ಉಪವಾಸ, ಊಟ ಮಾಡಿದ್ದರೆ ಊಟ, ಸಾಧ್ಯವಾದರೆ ಅದೇ ಲ್ಯಾಬ್. ಎಲ್‌ಡಿಎಲ್ 70ಕ್ಕಿಂತ ಕೆಳಗಿದ್ದು ಟ್ರೈಗ್ಲಿಸರೈಡ್ 150 ದಾಟಿದ್ದರೆ ಹೊಸ ಸೂತ್ರದ ಲೆಕ್ಕವನ್ನೋ ನೇರ ಅಳತೆಯನ್ನೋ ಕೇಳಿ. ಅದು ಸಿಗದಿದ್ದಲ್ಲಿ ಮಾತ್ರ ಉಪವಾಸವಿದ್ದು ಇನ್ನೊಮ್ಮೆ ಮಾಡಿಸುವುದಕ್ಕೆ ಅರ್ಥವಿದೆ. ಅಪೊಲೈಪೊಪ್ರೊಟೀನ್-ಬಿ ಪರೀಕ್ಷೆ ಲಭ್ಯವಿದ್ದರೆ ಈ ತಾಪತ್ರಯವೇ ಇಲ್ಲ. ಹಾನಿಕಾರಕ ಕಣ ಒಂದೊಂದರಲ್ಲೂ ಆ ಪ್ರೋಟೀನಿನ ಒಂದೊಂದೇ ಅಣು ಇರುವುದರಿಂದ ಅದು ಕಣಗಳ ಎಣಿಕೆಯೇ ಆಗುತ್ತದೆ, ಹೊಟ್ಟೆ ತುಂಬಿರಲಿ ಖಾಲಿಯಿರಲಿ ಬಹುತೇಕ ಅಷ್ಟೇ ಬರುತ್ತದೆ.